ಸಣ್ಣ ಫೋರ್‌ವೀಲ್ ವಾಹನಗಳು: ಕಾಡುದಾರಿಯ ಸಜ್ಜು ಮತ್ತು ಹೇರು

ಸುಮಾರು ನಾಲ್ಕು ಮೀಟರ್ ಉದ್ದದ, ಒಂದು ಒಂದೂಕಾಲು ಟನ್ ತೂಕದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹಾಯಿಸಬಲ್ಲ ಗಾಡಿಗಳನ್ನು ಬೆಟ್ಟ, ಕಾಡು, ಮರಳು, ಕೆಸರಿನ ಹಾದಿಗೆ ಅಣಿ ಮಾಡುವುದು, ಅವುಗಳಲ್ಲಿ ಬಿಡಾರದ ಸಾಮಾನು ಸಾಗಿಸುವುದು ಈ ಲೇಖನದ ವಿಷಯ. ಭಾರತದಲ್ಲಿ ಈ ವರ್ಗಕ್ಕೆ ಮುಖ್ಯವಾಗಿ ಎರಡೇ ಹೆಸರು: 1985ರಿಂದ 2019ರವರೆಗೆ ಜನರ ಕೈಗೆ ಸಿಗುತ್ತಿದ್ದ ಮಾರುತಿ ಜಿಪ್ಸಿ, ಅದರ ಜಾಗಕ್ಕೆ 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ. ಮಹೀಂದ್ರ ಥಾರ್ ಕೂಡ ನಾಲ್ಕು ಮೀಟರಿನೊಳಗಿನದೇ. ತೂಕದ ಲೆಕ್ಕಕ್ಕೆ ಬಂದರೆ ಅದು ಬೇರೆಯೇ ಜಾತಿ. ಸಣ್ಣ ಗಾಡಿಯ ಬಂಡವಾಳವೆಲ್ಲ ಅದರ ಹಗುರತನದಲ್ಲಿದೆ. ಎರಡು ಟನ್ನಿನ ಗಾಡಿ ಹೂತುಹೋಗುವ ಕೆಸರಿನ ಮೇಲೆ ಅದು ಹಾದುಹೋಗುತ್ತದೆ, ಸಿಕ್ಕಿಕೊಂಡರೂ ನಾಲ್ಕು ಜನ ಹೆಗಲು ಕೊಟ್ಟರೆ ಮೇಲೆ ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಸಲಕರಣೆಗಳಾದರೋ ಬಹುಮಟ್ಟಿಗೆ ದೊಡ್ಡ ಗಾಡಿಗಳಿಗೆಂದು ರೂಪುಗೊಂಡವು. ಅವನ್ನೆಲ್ಲ ಹೊತ್ತ ಸಣ್ಣ ಗಾಡಿ ದೊಡ್ಡದೂ ಆಗುವುದಿಲ್ಲ, ಸಣ್ಣದಾಗಿಯೂ ಉಳಿಯುವುದಿಲ್ಲ. ಸಜ್ಜಿನ ವಿಷಯದಲ್ಲಿ ಮುಂದೆ ಬರುವ ಎಲ್ಲ ತೀರ್ಮಾನಗಳ ಹಿಂದೆಯೂ ಇರುವುದು ಈ ಒಂದೇ ತೊಡಕು.

ಹಿನ್ನೆಲೆ

ಜಪಾನಿನ ಹೋಪ್ ಮೋಟರ್ ಎಂಬ ಸಣ್ಣ ಕಂಪನಿ 1967ರ ಸುಮಾರಿಗೆ ಹೋಪ್‌ಸ್ಟಾರ್ ಓಎನ್360 ಎಂಬ ಪುಟ್ಟ ಫೋರ್‌ವೀಲ್ ಗಾಡಿ ತಯಾರಿಸಿತು. ಅಂಥವು ಕೆಲವೇ ಕೆಲವು ಮಾರಾಟವಾದವು. 1968ರಲ್ಲಿ ಸುಜುಕಿ ಅದರ ತಯಾರಿಕೆಯ ಹಕ್ಕು ಕೊಂಡು, ತನ್ನದೇ ಎಂಜಿನ್ ಕೂರಿಸಿ, 1970ರ ಏಪ್ರಿಲ್‌ನಲ್ಲಿ ಎಲ್‌ಜೆ10 ಎಂಬ ಮೊದಲ ಜಿಮ್ನಿಯನ್ನು ಹೊರತಂದಿತು. 359 ಸಿಸಿಯ ಎರಡು ಸ್ಟ್ರೋಕ್ ಎಂಜಿನ್, 25 ಅಶ್ವಶಕ್ತಿ, ಸುಮಾರು 600 ಕಿಲೋ ತೂಕ. ಜಪಾನಿನಲ್ಲಿ ಕಡಿಮೆ ತೆರಿಗೆಯ ಕಿರುವಾಹನಗಳ ವರ್ಗಕ್ಕೆ ಸೇರಬೇಕಾದರೆ ಆಗ ಉದ್ದ ಮೂರು ಮೀಟರ್ ಮೀರಬಾರದಿತ್ತು. ಹಾಗಾಗಿ ಹಿಂಭಾಗಕ್ಕೆ ತೂಗುಹಾಕಬೇಕಿದ್ದ ಸ್ಟೆಪ್ನಿಯನ್ನು ಒಳಗಡೆ, ಹಿಂದಿನ ಸೀಟಿನ ಜಾಗದಲ್ಲಿ ಇಟ್ಟರು. ಗಾಡಿ ಮೂರೇ ಜನರದಾಯಿತು. ಒಂದು ಚಕ್ರ ಒಳಗೆ ಬರಬೇಕಾದರೆ ಒಬ್ಬ ಮನುಷ್ಯ ಹೊರಗೆ ಹೋಗಬೇಕು ಎಂಬ ಈ ಲೆಕ್ಕ ಐವತ್ತೈದು ವರ್ಷಗಳ ನಂತರವೂ ಜಿಮ್ನಿ ಮಾಲೀಕರನ್ನು ಬಿಟ್ಟಿಲ್ಲ.

1981ರ ಸುಮಾರಿಗೆ ಬಂದ ಎಸ್‌ಜೆ ಸರಣಿಯ ಉದ್ದನೆಯ ಚೌಕಟ್ಟಿನ ಮಾದರಿಯೇ 1985ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಜಿಪ್ಸಿಯಾಯಿತು. ಮೊದಲಿಗೆ 970 ಸಿಸಿ ಎಂಜಿನ್. 1996ರಲ್ಲಿ 1,298 ಸಿಸಿಯ ಜಿಪ್ಸಿ ಕಿಂಗ್. 2000ದ ಸುಮಾರಿಗೆ ಇಂಧನ ಚಿಮ್ಮಿಸುವ ವ್ಯವಸ್ಥೆಯ, 80 ಅಶ್ವಶಕ್ತಿಯ ಎಂಜಿನ್. ಬಟ್ಟೆ ಛಾವಣಿಯ ಮಾದರಿ ಒಂದು ಟನ್ನಿಗೂ ಕಡಿಮೆ ತೂಗಿ ಅರ್ಧ ಟನ್ ಹೊರುತ್ತಿತ್ತು. ಸೇನೆ, ಪೊಲೀಸ್, ಅರಣ್ಯ ಇಲಾಖೆಗಳು ಅದನ್ನು ಹೆಚ್ಚಾಗಿ ಕೊಂಡದ್ದಕ್ಕೆ ಇದೇ ಕಾರಣ. ರಣಥಂಬೋರ್, ಕಾನ್ಹಾದಂಥ ಹುಲಿ ಮೀಸಲುಗಳಲ್ಲಿ ಛಾವಣಿ ತೆಗೆದು, ಹಿಂದೆ ಎತ್ತರದ ಸಾಲು ಸೀಟು ಕೂರಿಸಿದ ಜಿಪ್ಸಿ ಸಫಾರಿಗೆ ಮತ್ತೊಂದು ಹೆಸರೇ ಆಗಿಹೋಯಿತು. ಮೋಟಾರು ರ‍್ಯಾಲಿಗಳಲ್ಲೂ, ರೇಡ್ ಡಿ ಹಿಮಾಲಯದಂಥ ಎತ್ತರದ ಸ್ಪರ್ಧೆಗಳಲ್ಲೂ ದಶಕಗಟ್ಟಲೆ ಅದೇ ಓಡಿತು. ಸುರಕ್ಷತೆಯ ಹೊಸ ನಿಯಮಗಳು ಬಂದಾಗ ಆ ಹಳೆಯ ವಿನ್ಯಾಸ ತಾಳಿಕೊಳ್ಳಲಿಲ್ಲ.

ಇದೇ ಎಸ್‌ಜೆ ಕುಲದ ಮಾರ್ಪಡಿಸಿದ ಗಾಡಿಯೊಂದನ್ನು ಚಿಲಿ ದೇಶದ ಗೊನ್ಸಾಲೊ ಬ್ರಾವೊ ಮತ್ತು ಎಡ್ವಾರ್ಡೊ ಕನಾಲೆಸ್ 2007ರ ಏಪ್ರಿಲ್‌ನಲ್ಲಿ ಓಹೋಸ್ ದೆಲ್ ಸಲಾದೋ ಜ್ವಾಲಾಮುಖಿಯ ಮೇಲೆ 6,688 ಮೀಟರ್ ಎತ್ತರಕ್ಕೆ ಹತ್ತಿಸಿದರು. ಲಡಾಖಿನ ಉಮ್ಲಿಂಗ್ ಲಾ ರಸ್ತೆಗಿಂತ ಇದು ಸುಮಾರು ಒಂಬೈನೂರು ಮೀಟರ್ ಮೇಲೆ, ಅದೂ ರಸ್ತೆಯೇ ಇಲ್ಲದ ಕಡೆ.

ಈಗಿನ ನಾಲ್ಕನೆಯ ಪೀಳಿಗೆಯ ಜಿಮ್ನಿ 2018ರದು. ಐದು ಬಾಗಿಲಿನ ಮಾದರಿಯನ್ನು 2023ರ ಜನವರಿಯ ಆಟೋ ಎಕ್ಸ್‌ಪೋದಲ್ಲಿ ಮೊದಲು ತೋರಿಸಿ, ಜೂನ್‌ನಲ್ಲಿ ಮಾರಾಟಕ್ಕಿಟ್ಟರು. ಹರಿಯಾಣದ ಗುರುಗ್ರಾಮದಲ್ಲಿ ತಯಾರಾಗುವ ಇದು 2025ರಲ್ಲಿ ಜಪಾನಿಗೆ ನೊಮಾಡೆ ಎಂಬ ಹೆಸರಿನಲ್ಲಿ ಹೋದಾಗ ನಾಲ್ಕೇ ದಿನಗಳಲ್ಲಿ ಸುಮಾರು 50,000 ಬುಕಿಂಗ್ ಬಂದು, ಕಂಪನಿ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಭಾರತದಲ್ಲಿ ಅಂಥ ನೂಕುನುಗ್ಗಲೇನೂ ಇಲ್ಲ.

ನಾಲ್ಕು ಚಕ್ರಕ್ಕೆ ಬಲ: ಎರಡು ಬಗೆ

ಸಣ್ಣ ಗಾಡಿಗಳಲ್ಲಿ ಎರಡು ಸಂಪ್ರದಾಯಗಳಿವೆ. 1972ರ ಸುಬಾರು ಲಿಯೋನೆ ವ್ಯಾಗನ್, 1983ರ ಫಿಯಟ್ ಪಾಂಡಾ 4x4, ನಮ್ಮಲ್ಲಿ ಬಂದುಹೋದ ರೆನೋ ಡಸ್ಟರ್ ಎಡಬ್ಲ್ಯುಡಿ ಇವೆಲ್ಲ ಮೂಲತಃ ಕಾರುಗಳು; ಮುಂದಿನ ಚಕ್ರಗಳಿಗೆ ಹೋಗುವ ಬಲದಲ್ಲಿ ಒಂದು ಪಾಲು ಹಿಂದಕ್ಕೂ ಹರಿಯುವಂತೆ ಮಾಡಿದವು. ಮಳೆ, ಹಿಮ, ಜಲ್ಲಿ ರಸ್ತೆಗಳಲ್ಲಿ ಇವು ಬಹಳ ಸಲೀಸು. 1977ರ ರಷ್ಯಾದ ಲಾಡಾ ನಿವಾ ಮಾತ್ರ ಕಾರಿನ ಮೈಯಲ್ಲೇ ಲೋ ಗೇರು, ಮಧ್ಯದ ಡಿಫರೆನ್ಷಿಯಲ್ ಲಾಕು ಎರಡನ್ನೂ ಇಟ್ಟುಕೊಂಡಿತು.

ಜಿಪ್ಸಿ, ಜಿಮ್ನಿಗಳು ಎರಡನೆಯ ಸಂಪ್ರದಾಯದವು: ಏಣಿಯಂಥ ಉಕ್ಕಿನ ಚೌಕಟ್ಟು, ಹಿಂದೆ ಮುಂದೆ ಇಡಿಯಾದ ಆಕ್ಸಲ್, ಬೇಕಾದಾಗ ಮಾತ್ರ ಮುಂದಿನ ಚಕ್ರಗಳಿಗೆ ಬಲ ಕೊಡುವ ಇನ್ನೊಂದು ಲಿವರ್. ನಮ್ಮ ಕಡೆ ‘ಫೋರ್‌ವೀಲ್ ಹಾಕು’ ಎನ್ನುವುದು ಈ ಲಿವರ್ ಎಳೆಯುವುದಕ್ಕೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಇಲ್ಲಿ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು, ಹಿಂದಿನವು ಕಡಿಮೆ. ಒಣ ಡಾಂಬರಿನ ಮೇಲೆ ಈ ವ್ಯತ್ಯಾಸಕ್ಕೆ ಜಾಗವಿಲ್ಲದೆ ಗೇರುಪೆಟ್ಟಿಗೆಯಲ್ಲಿ ಬಿಗಿತ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಫೋರ್‌ವೀಲ್ ಕೆಸರು, ಮರಳು, ಜಲ್ಲಿಗೆ ಮಾತ್ರ. ಹಳೆಯ ಜಿಪ್ಸಿಯಲ್ಲಿ ಇಳಿದು ಹೋಗಿ ಮುಂದಿನ ಎರಡು ಚಕ್ರಗಳ ಹಬ್ಬನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕಿತ್ತು. ಕೆಸರಿಗೆ ಇಳಿದ ಮೇಲೆ ಇದು ನೆನಪಾದವರ ಕತೆಗಳು ಮಲೆನಾಡಿನ ಎಸ್ಟೇಟುಗಳಲ್ಲಿ ಬೇಕಾದಷ್ಟಿವೆ.

ಲೋ ಗೇರಿನ ಬೆಲೆ ಹೇರಿದ ಗಾಡಿಗೇ ಹೆಚ್ಚು ಗೊತ್ತು. ಜಿಮ್ನಿಯಲ್ಲಿ ಅದು ಎಳೆತವನ್ನು ಸರಿಸುಮಾರು ಇಮ್ಮಡಿ ಮಾಡಿ ವೇಗವನ್ನು ಅರ್ಧಕ್ಕಿಳಿಸುತ್ತದೆ. 1,462 ಸಿಸಿಯ ಪೆಟ್ರೋಲ್ ಎಂಜಿನ್ನಿನ 134 ನ್ಯೂಟನ್ ಮೀಟರ್ ತಿರುಚುಬಲ ಬರುವುದು 4,000 ಸುತ್ತಿನ ಹತ್ತಿರ. ಏರಿನಲ್ಲಿ ನಿಧಾನವಾಗಿ ಹತ್ತಬೇಕಾದಾಗ ಲೋ ಗೇರು ಹಾಕದಿದ್ದರೆ ಸುಡುವುದು ಕ್ಲಚ್ ಪ್ಲೇಟು.

ತೂಕದ ಆಯವ್ಯಯ

ಸಜ್ಜಿನ ಮೊದಲ ಹೆಜ್ಜೆ ಅಂಗಡಿಗೆ ಹೋಗುವುದಲ್ಲ, ಕಾಗದದ ಮೇಲೆ ಲೆಕ್ಕ ಹಾಕುವುದು. ಐದು ಬಾಗಿಲಿನ ಜಿಮ್ನಿಯ ಖಾಲಿ ತೂಕ, ಪೆಟ್ರೋಲ್ ಸೇರಿ, ಮೇಲಿನ ಮಾದರಿಯಲ್ಲಿ 1,210 ಕಿಲೋ. ಜನ, ಸಾಮಾನು ಎಲ್ಲ ತುಂಬಿದ ಮೇಲೆ ಕಂಪನಿ ಒಪ್ಪುವ ಗರಿಷ್ಠ ತೂಕ 1,545 ಕಿಲೋ. ಉಳಿದದ್ದು 335. ತಲಾ 70 ಕಿಲೋದ ನಾಲ್ಕು ಜನ ಕೂತರೆ 280 ಹೋಯಿತು. 55 ಕಿಲೋದಲ್ಲಿ ನಾಲ್ವರ ಡೇರೆ, ಹಾಸಿಗೆ, ನೀರು, ಅಡುಗೆ ಸಾಮಾನು ಬರಬೇಕು. ಬರುವುದಿಲ್ಲ. ಜಿಮ್ನಿ ಸಾಹಸ ಪ್ರಯಾಣಕ್ಕೆ ಇಬ್ಬರ ಗಾಡಿ ಎಂದು ಬಲ್ಲವರು ಹೇಳುವುದು ಸೀಟು ಎಣಿಸಿ ಅಲ್ಲ, ಈ ಕಳೆಯುವ ಲೆಕ್ಕ ಮಾಡಿ.

ಇಬ್ಬರೇ ಹೊರಟರೂ ಲೆಕ್ಕ ಎಷ್ಟು ಬೇಗ ಮುಗಿಯುತ್ತದೆ ನೋಡಬಹುದು. 335ರಲ್ಲಿ 140 ಕಳೆದು 195 ಉಳಿಯಿತು. ಮುಂದೆ ಉಕ್ಕಿನ ಬಂಪರು ಮತ್ತು ವಿಂಚು ಕೂರಿಸಿದರೆ ಸುಮಾರು 75 ಕಿಲೋ, 120 ಉಳಿಯಿತು. ಮೇಲೆ ಉಕ್ಕಿನ ಕ್ಯಾರಿಯರ್ 30, ಇನ್ನು 90. ಇಪ್ಪತ್ತು ಲೀಟರ್ ನೀರು ಕ್ಯಾನಿನೊಂದಿಗೆ 22, ಇಪ್ಪತ್ತು ಲೀಟರ್ ಪೆಟ್ರೋಲು ಉಕ್ಕಿನ ಡಬ್ಬಿಯೊಂದಿಗೆ 19, ಉಳಿದದ್ದು 49. ಸಣ್ಣ ಫ್ರಿಜ್ಜು ಮತ್ತು ಅದಕ್ಕೊಂದು ಲಿಥಿಯಂ ಬ್ಯಾಟರಿ 31, ಉಳಿದದ್ದು 18. ಜಾಕು, ಕಂಪ್ರೆಸರ್, ಹಗ್ಗ, ಸ್ಪ್ಯಾನರು ಎಲ್ಲ ಸೇರಿ 20. ಲೆಕ್ಕ ಎರಡು ಕಿಲೋ ಸಾಲಕ್ಕೆ ಬಿತ್ತು. ಡೇರೆ, ಹಾಸಿಗೆ, ಒಲೆ, ಅಕ್ಕಿ ಇನ್ನೂ ನೆಲದ ಮೇಲೇ ಇವೆ. ಅದೇ ಬಂಪರು, ವಿಂಚು, ಕ್ಯಾರಿಯರ್ ಮೂರನ್ನೂ ಬಿಟ್ಟು ಲೆಕ್ಕ ಹಾಕಿದರೆ ನೂರು ಕಿಲೋ ಕೈಯಲ್ಲಿರುತ್ತದೆ.

ತೂಕ ಎಷ್ಟು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಆ 75 ಕಿಲೋ ಮುಂದಿನ ಆಕ್ಸಲ್‌ನಿಂದ ಅರ್ಧ ಮೀಟರ್ ಮುಂದೆ ತೂಗುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಆಕ್ಸಲ್‌ಗಳ ನಡುವಿನ ದೂರ 2.59 ಮೀಟರ್. ಸನ್ನೆಕೋಲಿನ ನಿಯಮದಂತೆ ಮುಂದಿನ ಸ್ಪ್ರಿಂಗುಗಳ ಮೇಲೆ ಬೀಳುವುದು ಸುಮಾರು 90 ಕಿಲೋ, ಹಿಂದಿನ ಚಕ್ರಗಳು 14–15 ಕಿಲೋ ಹಗುರಾಗುತ್ತವೆ. ಮೂಗು ತಗ್ಗಿದ ಗಾಡಿ ಇಳಿಜಾರಿನಲ್ಲಿ ಬ್ರೇಕು ಹಾಕಿದಾಗ ಹಿಂದೆ ಹಿಡಿತ ಕಳೆದುಕೊಳ್ಳುವುದು ಹೀಗೆ. ಹಿಂದಿನ ಬಾಗಿಲಿಗೆ ಸ್ಟೆಪ್ನಿಯ ಜೊತೆ ಡಬ್ಬಿ, ಗುದ್ದಲಿ, ಏಣಿ ತೂಗುಹಾಕಿದರೆ ಇದರ ತಿರುಗುಮುರುಗು. ಜೊತೆಗೆ ಬಾಗಿಲಿನ ಕೀಲು ಜಗ್ಗುತ್ತದೆ.

ಯೂರೋಪಿನಲ್ಲಿ ಮೂರು ಬಾಗಿಲಿನ ಜಿಮ್ನಿ ಇಂಗಾಲದ ನಿಯಮಗಳಿಗೆ ಸಿಲುಕಿ 2021ರಲ್ಲಿ ಹಿಂದಿನ ಸೀಟು ಕಳಚಿ, 863 ಲೀಟರ್ ಜಾಗದ ಸರಕುಗಾಡಿಯಾಗಿ ಮರಳಿ ಬಂತು. ಕಾನೂನಿನ ಉಪಾಯವಾಗಿ ಮಾಡಿದ ಈ ಬದಲಾವಣೆ ಬಿಡಾರ ಪ್ರಿಯರಿಗೆ ವರವಾಯಿತು. ಹೊರುವ ಕೆಲಸಕ್ಕೆ ಆ ಕುಲದ ಸರಿಯಾದ ರೂಪ ಪ್ರಾಯಶಃ ಅದೇ.

ಡಿಕ್ಕಿ ಮತ್ತು ಛಾವಣಿ

ಐದು ಬಾಗಿಲಿನ ಜಿಮ್ನಿಯ ಡಿಕ್ಕಿ 208 ಲೀಟರ್, ಹಿಂದಿನ ಸೀಟು ಮಡಚಿದರೆ 332 ಲೀಟರ್ ಎಂದು ಕಂಪನಿಯ ಲೆಕ್ಕ. ಅಂಚು ನೇರ, ಗೋಡೆ ನೇರ ಆದ್ದರಿಂದ ಚೌಕದ ಪೆಟ್ಟಿಗೆಗಳು ಚೆನ್ನಾಗಿ ಕೂರುತ್ತವೆ. ಮಡಚಿದ ಸೀಟಿನ ಬೆನ್ನು ಡಿಕ್ಕಿಯ ನೆಲಕ್ಕೆ ಸಮವಾಗುವುದಿಲ್ಲ. ಹಾಗಾಗಿ ಮೊದಲು ಪ್ಲೈವುಡ್ಡಿನ ಒಂದು ಮಟ್ಟದ ಹಲಗೆ ಮಾಡಿಸುವುದು ವಾಡಿಕೆ. ಎಳೆಯುವ ಡ್ರಾಯರುಗಳಿರುವ ಸಿದ್ಧ ಪೆಟ್ಟಿಗೆಗಳು ನೋಡಲು ಸೊಗಸು, ಖಾಲಿಯಿದ್ದಾಗಲೇ ನಲವತ್ತು ಐವತ್ತು ಕಿಲೋ ತೂಗುತ್ತವೆ. ಹನ್ನೆರಡು ಮಿಲಿಮೀಟರಿನ ಪ್ಲೈವುಡ್ಡು, ನಾಲ್ಕು ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ಕೊಂಡಿಪಟ್ಟಿ ಇಷ್ಟರಲ್ಲಿ ಅದೇ ಕೆಲಸ ಕಾಲು ಭಾಗ ತೂಕದಲ್ಲಿ ಆಗುತ್ತದೆ.

ಜೋಡಿಸುವ ಕ್ರಮ ಸರಳ: ನೀರು, ಬ್ಯಾಟರಿ, ಉಪಕರಣಗಳಂಥ ಭಾರದ ವಸ್ತು ಕೆಳಗೆ, ಮುಂದಿನ ಸೀಟಿನ ಬೆನ್ನಿಗೆ ಒತ್ತಿದಂತೆ; ಬಟ್ಟೆ, ಹಾಸಿಗೆ ಮೇಲೆ. ಎಲ್ಲವನ್ನೂ ಕಟ್ಟಬೇಕು. ಹಗ್ಗಕ್ಕಿಂತ ಬಿಗಿಗೊಳಿಸುವ ಹಲ್ಲುಗಾಲಿಯ ಪಟ್ಟಿ ಮೇಲು. ಅದನ್ನು ಸೀಟಿನ ಕಂಬಿಗೆ ಕಟ್ಟದೆ ಚೌಕಟ್ಟಿನವರೆಗೆ ಬೋಲ್ಟ್ ಹೋಗಿರುವ ಕೊಂಡಿಗೇ ಕಟ್ಟಬೇಕು. ಗುಂಡಿಗೆ ಬಿದ್ದ ಗಾಡಿಯಲ್ಲಿ ಸಡಿಲವಾಗಿದ್ದ ಜಾಕು ತಲೆಯ ಹಿಂಭಾಗಕ್ಕೆ ಬರುವ ಗುಂಡಿನಂತೆಯೇ. ಸಾಮಾನಿಗೂ ಕೂತವರಿಗೂ ನಡುವೆ ಒಂದು ಬಲೆ ಅಥವಾ ಜಾಲರಿ ಇರಲೇಬೇಕು. ಸಿಕ್ಕಿಕೊಂಡಾಗ ಬೇಕಾಗುವ ಹಗ್ಗ, ಹಲಗೆ, ಗುದ್ದಲಿಗಳನ್ನು ಎಲ್ಲಕ್ಕಿಂತ ಕೊನೆಗೆ ತುಂಬಬೇಕು. ಕೆಸರಿನಲ್ಲಿ ನಿಂತು ಡಿಕ್ಕಿಯನ್ನೆಲ್ಲ ಖಾಲಿ ಮಾಡುವ ಹೊತ್ತು ಅದಲ್ಲ.

ಮುಂದಿನ ಸೀಟಿನ ತಲೆದಿಂಬು ಕಿತ್ತು ಬೆನ್ನು ಮಲಗಿಸಿದರೆ ಅದು ಹಿಂದಿನ ಸೀಟಿಗೆ ಸೇರಿ ಹಾಸಿಗೆಯಂತಾಗುತ್ತದೆ. ಮಳೆಯ ರಾತ್ರಿ ಒಬ್ಬರು ಮಲಗಲು ಧಾರಾಳ, ಇಬ್ಬರಿಗೆ ಇಕ್ಕಟ್ಟು.

ಛಾವಣಿಯ ಮಾತು ಬೇರೆ. ಈ ಪೀಳಿಗೆಯ ಜಿಮ್ನಿಯಲ್ಲಿ ಮಳೆನೀರಿನ ಅಂಚುಪಟ್ಟಿ ಮತ್ತೆ ಬಂದಿರುವುದರಿಂದ ಕ್ಯಾರಿಯರ್ ಹಿಡಿಸುವುದು ಸುಲಭ. ಆದರೆ ಸುಜುಕಿಯ ಕೈಪಿಡಿಗಳು ಓಡುವ ಗಾಡಿಯ ಛಾವಣಿಗೆ ಒಪ್ಪುವುದು 30 ಕಿಲೋ. ಕ್ಯಾರಿಯರ್‌ನ ತೂಕವೂ ಇದರೊಳಗೇ. ಛಾವಣಿಯ ಮೇಲೆ ಬಿಚ್ಚಿಕೊಳ್ಳುವ ಡೇರೆಗಳು ನಲವತ್ತರಿಂದ ಅರವತ್ತು ಕಿಲೋ ಇರುತ್ತವೆ. ಜಾಹೀರಾತುಗಳಲ್ಲಿ ಜಿಮ್ನಿಯ ನೆತ್ತಿಯ ಮೇಲೆ ಅವು ಎಷ್ಟೇ ಚೆನ್ನಾಗಿ ಕಂಡರೂ ಲೆಕ್ಕಕ್ಕೆ ಕೂರುವುದಿಲ್ಲ. 1.72 ಮೀಟರ್ ಎತ್ತರ, 1.645 ಮೀಟರ್ ಅಗಲದ ಗಾಡಿ ಅದು. ಅಡ್ಡ ಇಳಿಜಾರಿನಲ್ಲಿ ಮೇಲಿನ ಪ್ರತಿ ಕಿಲೋ ಉರುಳುವ ಕಡೆಗೇ ಎಳೆಯುತ್ತದೆ. ಅಲ್ಯೂಮಿನಿಯಂ ಕ್ಯಾರಿಯರ್, ಅದರ ಮೇಲೆ ಹಾಸಿಗೆ ಸುರುಳಿ ಅಥವಾ ಪಕ್ಕಕ್ಕೆ ಬಿಚ್ಚುವ ಹಗುರಾದ ಚಪ್ಪರ, ಇಷ್ಟಕ್ಕೆ ನಿಲ್ಲಿಸಿ ನೆಲದ ಮೇಲೆ ಡೇರೆ ಹೊಡೆಯುವುದೇ ಲೇಸು.

ಟೈರು

ದುಡ್ಡು ಸುರಿಯಲು ಒಂದೇ ಜಾಗವಿದ್ದರೆ ಅದು ಟೈರು. ಕಾರ್ಖಾನೆಯಿಂದ ಬರುವ 195/80 ಆರ್15 ಟೈರಿನ ವ್ಯಾಸ ಸುಮಾರು 693 ಮಿಲಿಮೀಟರ್. ಅದೇ ಅಳತೆಯಲ್ಲಿ, ಅಥವಾ 215/75 ಆರ್15ರಲ್ಲಿ ಎಲ್ಲ ನೆಲಕ್ಕೂ ಒಗ್ಗುವ ಮಾದರಿಯ ಟೈರು ಹಾಕಿದರೆ ಬಹುತೇಕರಿಗೆ ಸಾಕು. ಅನೇಕರು ಹೋಗುವುದು 235/75 ಆರ್15ಕ್ಕೆ. ಅದರ ವ್ಯಾಸ 733 ಮಿಲಿಮೀಟರ್ ಮೀರುತ್ತದೆ. ಗಳಿಸಿದ್ದು: ಆಕ್ಸಲ್ ಕೆಳಗೆ ಎರಡು ಸೆಂಟಿಮೀಟರ್ ಹೆಚ್ಚು ಜಾಗ. ಕಳೆದುಕೊಂಡದ್ದು: ಎಲ್ಲ ಗೇರುಗಳೂ ಆರು ಶೇಕಡದಷ್ಟು ಉದ್ದವಾಗಿ ಎಳೆತ ಕುಗ್ಗುತ್ತದೆ, ಮೀಟರು 60 ತೋರಿಸುವಾಗ ಗಾಡಿ ಹೆಚ್ಚುಕಡಿಮೆ 63ರಲ್ಲಿ ಓಡುತ್ತಿರುತ್ತದೆ, ಪ್ರತಿ ಚಕ್ರದ ತೂಕವೂ ಏರುತ್ತದೆ. ಚಕ್ರದ ತೂಕ ಸ್ಪ್ರಿಂಗಿನ ಕೆಳಗಿನ ತೂಕ. ತಿರುಗಿಸಲೂ ನಿಲ್ಲಿಸಲೂ ಬಲ ಬೇಕು. ನೂರ ಮೂರು ಅಶ್ವಶಕ್ತಿಯ ಎಂಜಿನ್ನಿಗೆ ಇದು ತಿಳಿಯುತ್ತದೆ.

ಆಳದ ಕಟ್ಟುಗಳ ಮಡ್ ಟೈರುಗಳ ಬಗ್ಗೆ ಕರ್ನಾಟಕದ ನೆಲವೇ ಎರಡು ಉತ್ತರ ಕೊಡುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ದಾರಿ ಮಳೆಗಾಲದಲ್ಲಿ ಮೇಲೆ ಮಾತ್ರ ಜಾರುತ್ತದೆ, ಕೆಳಗೆ ಗಟ್ಟಿ. ಆಳದ ಕಟ್ಟು ಮೇಲಿನ ಪದರ ಕತ್ತರಿಸಿ ಹಿಡಿತ ಹುಡುಕಿಕೊಳ್ಳುತ್ತದೆ. ಬಯಲುಸೀಮೆಯ ಉತ್ತರದ ಎರೆಮಣ್ಣಿಗೆ ತಳವೇ ಇಲ್ಲ; ಎರಡು ಸುತ್ತಿಗೆ ಯಾವ ಟೈರೂ ನುಣ್ಣಗಿನ ಕರಿ ಗಾಲಿಯಾಗುತ್ತದೆ, ಮಣ್ಣು ಚಕ್ರದ ಗೂಡಿನಲ್ಲಿ ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಎರೆ ಹೊಲಕ್ಕೆ ಮಳೆ ಬಿದ್ದ ದಿನ ಇಳಿಯಬಾರದೆಂದು ಅಲ್ಲಿನ ರೈತರಿಗೆ ಗೊತ್ತು. ದುಬಾರಿ ಟೈರು ಹಾಕಿಸಿದವರಿಗೆ ಗೊತ್ತಿರುವುದಿಲ್ಲ. ಮಲೆನಾಡು, ಕೊಡಗಿನ ಬಾಡಿಗೆ ಜೀಪಿನವರು ಮಳೆಗಾಲದಲ್ಲಿ ಸವೆದ ಟೈರಿಗೇ ಕಬ್ಬಿಣದ ಚೈನು ಬಿಗಿದು ಏರು ಹತ್ತಿಸುತ್ತಾರೆ. ಉಪಾಯ ಅಗ್ಗ, ಕೆಲಸ ಖಚಿತ, ದಾರಿಗೆ ಮಾತ್ರ ಕೇಡು.

ಟೈರಿನ ಗಾಳಿ ಇಳಿಸುವುದು ಖರ್ಚಿಲ್ಲದ ಸಜ್ಜು. ಮರಳಿನಲ್ಲಿ ಗಾಳಿಯನ್ನು 15 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರು ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ. ಹಗುರ ಗಾಡಿಗೆ ಇದರ ಲಾಭ ಇನ್ನೂ ಹೆಚ್ಚು. ಹಾಗೆ ಇಳಿಸಿದಾಗ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಡಾಂಬರಿಗೆ ಬಂದೊಡನೆ ಮತ್ತೆ ತುಂಬದಿದ್ದರೆ ಪಕ್ಕದ ಗೋಡೆ ಕಾದು ಹರಿಯುತ್ತದೆ. ಆದ್ದರಿಂದ ಬ್ಯಾಟರಿಗೆ ಕ್ಲಿಪ್ಪು ಹಾಕಿ ಓಡಿಸುವ ಕಂಪ್ರೆಸರ್, ಗಾಳಿ ಅಳೆಯುವ ಗೇಜು, ಪಂಕ್ಚರ್ ಬತ್ತಿ ಮೂರೂ ಜೊತೆಗಿರಬೇಕು. ಸ್ಟೆಪ್ನಿಯೂ ಉಳಿದ ನಾಲ್ಕರ ಅಳತೆಯದೇ ಆಗಿರಬೇಕು. ಬೇರೆ ವ್ಯಾಸದ ಐದನೆಯ ಚಕ್ರ ಹಾಕಿ ಫೋರ್‌ವೀಲ್‌ನಲ್ಲಿ ಓಡಿಸಿದರೆ ಗೇರುಪೆಟ್ಟಿಗೆಗೆ ಪೆಟ್ಟು.

ಸಸ್ಪೆನ್ಷನ್

ಜಿಪ್ಸಿಯ ನಾಲ್ಕೂ ಮೂಲೆಗೆ ಕಮಾನು ಪಟ್ಟಿಗಳಿವೆ. ಅರ್ಧ ಟನ್ ಹೊರಲು ಮಾಡಿದ ಆ ಪಟ್ಟಿಗಳು ಖಾಲಿ ಗಾಡಿಯಲ್ಲಿ ಸೊಂಟ ಮುರಿಯುತ್ತವೆ. ಒಂದು ಪಟ್ಟಿ ಕಿತ್ತುಹಾಕಿಸುವುದು ಹಳೆಯ ಉಪಾಯ. ಹೊರೆ ಹೇರುವ ದಿನ ಆ ಪಟ್ಟಿಯ ನೆನಪಾಗುತ್ತದೆ. ಆಕ್ಸಲ್‌ನ ಕೆಳಗಿರುವ ಪಟ್ಟಿಗಳನ್ನು ಮೇಲಕ್ಕೆ ಕೂರಿಸಿ ಗಾಡಿಯನ್ನು ಎತ್ತರಿಸುವ ಮಾರ್ಪಾಡು ಸ್ಪರ್ಧೆಗಳಲ್ಲಿ ಬಳಕೆಯಲ್ಲಿದೆ, ಹೆದ್ದಾರಿಯಲ್ಲಿ ಓಡಾಡುವವರಿಗೆ ಅದು ಹೇಳಿಸಿದ್ದಲ್ಲ.

ಜಿಮ್ನಿಯ ಸುರುಳಿ ಸ್ಪ್ರಿಂಗುಗಳಿಗೆ ಎರಡು ಇಂಚು ಎತ್ತರದ ಕಿಟ್ ಹಾಕುವುದು ಸಾಮಾನ್ಯ. ಇದರಿಂದ ಮುಂದಿನ ಆಕ್ಸಲ್‌ನ ಓರೆ ಬದಲಾಗಿ ಸ್ಟಿಯರಿಂಗು ಸಡಿಲವೆನಿಸುತ್ತದೆ. ಅದನ್ನು ಸರಿಪಡಿಸುವ ಬುಶ್ಶುಗಳಿಲ್ಲದ ಕಿಟ್ ಅರ್ಧ ಕೆಲಸ. ಜಿಮ್ನಿ ಕುಲಕ್ಕೆ ವಿಶೇಷವಾದ ಇನ್ನೊಂದು ಕಾಯಿಲೆ, ಅರವತ್ತು ಎಪ್ಪತ್ತರ ವೇಗದಲ್ಲಿ ಒಂದು ಗುಂಡಿ ದಾಟಿದೊಡನೆ ಸ್ಟಿಯರಿಂಗು ಗಡಗಡ ನಡುಗುವುದು. ಸಮತೂಕವಿಲ್ಲದ ಚಕ್ರ, ಸವೆದ ಕಿಂಗ್‌ಪಿನ್ ಬೇರಿಂಗು, ಅಡ್ಡಸರಳಿನ ಬುಶ್ಶು ಇವು ಮೂಲ. ದೊಡ್ಡ ಟೈರು ಹಾಕಿಸಿದ ಗಾಡಿಗಳಲ್ಲಿ ಬೇಗ ಕಾಣಿಸುತ್ತದೆ. ಐದು ಬಾಗಿಲಿನ ಜಿಮ್ನಿ ಉದ್ದವಾದದ್ದರಿಂದ ನಡುವಿನ ಹೊಟ್ಟೆ ತಾಗುವ ಕೋನ ಮೂರು ಬಾಗಿಲಿನದರ 28 ಡಿಗ್ರಿಯಿಂದ 24ಕ್ಕೆ ಇಳಿದಿದೆ. ಹೀಗಾಗಿ ಎತ್ತರಕ್ಕಿಂತ ಮುಂಚೆ ಗೇರುಪೆಟ್ಟಿಗೆಯ ಕೆಳಗೊಂದು ರಕ್ಷಣಾ ತಗಡು ಹಾಕಿಸುವುದು ವಿವೇಕ.

ಸಿಕ್ಕಿಕೊಂಡಾಗ

ಹಗುರ ಗಾಡಿಗೆ ಮೊದಲ ಉಪಕರಣ ಗುದ್ದಲಿ, ಎರಡನೆಯದು ಹಲಗೆ. ಆಸ್ಟ್ರೇಲಿಯಾದವರು ಬಳಕೆಗೆ ತಂದ ಹಲ್ಲಿರುವ ಪ್ಲಾಸ್ಟಿಕ್ ಹಲಗೆಗಳು ಈಗ ಎಲ್ಲೆಡೆ ಸಿಗುತ್ತವೆ. ತೀರ್ಥಹಳ್ಳಿ, ಶೃಂಗೇರಿ ಕಡೆ ಅಡಿಕೆ ದಬ್ಬೆ ಎರಡು ಸೀಳಿ ಚಕ್ರದ ಕೆಳಗೆ ಕೊಟ್ಟು ಇದೇ ಕೆಲಸ ಮಾಡುತ್ತಾರೆ. ನಾರು ಮೇಲೆ ಬರುವಂತಿದ್ದರೆ ಹಿಡಿತವೂ ಕಡಿಮೆಯೇನಲ್ಲ. ಇನ್ನೊಂದು ಗಾಡಿ ಜೊತೆಗಿದ್ದರೆ ಹಿಗ್ಗುವ ನೈಲಾನ್ ಹಗ್ಗ ಸಾಕು. ಹಗ್ಗ ಸಿಕ್ಕಿಸುವುದು ಚೌಕಟ್ಟಿಗೆ ಕೂಡಿದ ಕೊಂಡಿಗೆ ಮಾತ್ರ. ಬಂಪರಿಗೆ, ಆಕ್ಸಲ್‌ಗೆ, ಟ್ರೇಲರಿನ ಗುಂಡಿಗೆ ಸಿಕ್ಕಿಸಿದ ಹಗ್ಗ ಕಿತ್ತು ಹಾರಿ ಜೀವ ತೆಗೆದಿರುವುದು ಬೇರೆ ಬೇರೆ ದೇಶಗಳಲ್ಲಿ ಆಗಿದೆ.

ವಿಂಚು ಬೇಕೇ ಬೇಕೆನ್ನುವವರಿಗೆ ವಾಡಿಕೆಯ ಸೂತ್ರ: ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು. ಜಿಮ್ನಿಗೆ ಅದು ಸುಮಾರು 2,320 ಕಿಲೋ, ಅಂದರೆ ಐದು ಸಾವಿರ ಪೌಂಡಿನ ಚಿಕ್ಕ ವಿಂಚು. ಅಂಗಡಿಗಳು ಮಾರುವುದು ಹೆಚ್ಚಾಗಿ 9,500 ಪೌಂಡಿನದು. ಉಕ್ಕಿನ ತಂತಿಯಿದ್ದರೆ ಮೂವತ್ತೈದು ಕಿಲೋ ಮೇಲೆ. ಕೃತಕ ನಾರಿನ ಹಗ್ಗದ್ದು ಹತ್ತು ಕಿಲೋ ಹಗುರ, ತುಂಡಾದರೂ ತಂತಿಯಷ್ಟು ಅಪಾಯವಲ್ಲ. ಮರಕ್ಕೆ ಕಟ್ಟುವಾಗ ಅಗಲ ಪಟ್ಟಿಯನ್ನು ಬುಡಕ್ಕೆ ಸುತ್ತಬೇಕು. ಬರಿಯ ತಂತಿ ತೊಗಟೆ ಸುಲಿದರೆ ಕಾಫಿ ತೋಟದ ಮಾಲೀಕರು ಮುಂದಿನ ಬಾರಿ ಗೇಟು ತೆಗೆಯುವುದಿಲ್ಲ. ಒಂಟಿಯಾಗಿ ಹೋಗುವವರಿಗೆ ಕೈಯಲ್ಲಿ ಜಗ್ಗುವ ಸನ್ನೆಯ ವಿಂಚು ಒಳ್ಳೆಯದು: ನಿಧಾನ, ಆದರೆ ಹಿಂದಕ್ಕೂ ಎಳೆಯಬಹುದು, ಬೇಡದ ದಿನ ಮನೆಯಲ್ಲಿಡಬಹುದು.

ನೀರು ದಾಟುವ ಮಿತಿ ಸುಜುಕಿ ಹೇಳುವಂತೆ 300 ಮಿಲಿಮೀಟರ್. ಸ್ನಾರ್ಕೆಲ್ ಕೊಳವೆ ಎಂಜಿನ್ನು ಸೇದುವ ಗಾಳಿಯನ್ನಷ್ಟೇ ಎತ್ತರದಿಂದ ತರುತ್ತದೆ. ವಿದ್ಯುತ್ ತಂತಿಗಳನ್ನೂ ಆಕ್ಸಲ್ ಎಣ್ಣೆಯನ್ನೂ ಅದು ಕಾಯುವುದಿಲ್ಲ. ಆಕ್ಸಲ್‌ಗಳ ಉಸಿರುನಳಿಕೆಗಳನ್ನು ಎಂಜಿನ್ ಕೋಣೆಯವರೆಗೆ ಎತ್ತರಿಸುವುದು ಅದಕ್ಕಿಂತ ಎಷ್ಟೋ ಅಗ್ಗದ, ಎಷ್ಟೋ ಉಪಯೋಗದ ಕೆಲಸ.

ವಿದ್ಯುತ್ತು, ಇಂಧನ

ನೂರು ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ ಸುಮಾರು 28 ಕಿಲೋ, ಲಿಥಿಯಂ ಐರನ್ ಫಾಸ್ಫೇಟಿನದು ಅದರ ಅರ್ಧಕ್ಕೂ ಕಡಿಮೆ. ಫ್ರಿಜ್ಜಿಗೆ ಪ್ರತ್ಯೇಕ ಬ್ಯಾಟರಿ ಇಲ್ಲದಿದ್ದರೆ ಬೆಳಿಗ್ಗೆ ಎಂಜಿನ್ ಚಾಲೂ ಆಗದಿರುವ ಸಂಭವವಿದೆ. ಪ್ರತಿ ಹೊಸ ತಂತಿಗೂ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸಿರಬೇಕು.

ಜಿಮ್ನಿಯ ಟ್ಯಾಂಕು 40 ಲೀಟರ್. ಲಡಾಖ್, ಸ್ಪಿತಿಗಳಲ್ಲಿ ಹೆಚ್ಚುವರಿ ಪೆಟ್ರೋಲು ಬೇಕಾಗಬಹುದು. ಸಾವಿರ ಮೀಟರ್ ಏರಿದಂತೆಲ್ಲ ಎಂಜಿನ್ನಿನ ಶಕ್ತಿ ಸುಮಾರು ಹತ್ತನೆಯ ಒಂದು ಪಾಲು ಇಳಿಯುವುದರಿಂದ ಅಲ್ಲಿ ಲೋ ಗೇರಿನ ಓಟವೂ ಹೆಚ್ಚು. 1934ರ ಪೆಟ್ರೋಲಿಯಂ ಕಾಯ್ದೆ ಮಾರಾಟಕ್ಕಲ್ಲದ 30 ಲೀಟರ್‌ವರೆಗಿನ ಪೆಟ್ರೋಲಿಗೆ ಪರವಾನಗಿ ಕೇಳುವುದಿಲ್ಲ, ಆದರೆ ಲೋಹದ ಡಬ್ಬಿ 25 ಲೀಟರ್ ಮೀರಬಾರದು, ಮುಚ್ಚಳ ಭದ್ರವಾಗಿರಬೇಕು. ನೀರಿನ ಹಳೆಯ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲು ತುಂಬಿ ಸೀಟಿನ ಹಿಂದೆ ಇಡುವುದು ನಮ್ಮಲ್ಲಿ ಕಾಣುವ, ಕಾಣಬಾರದ ದೃಶ್ಯ.

ಕಾನೂನು ಮತ್ತು ಕಾಡು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಮುಂದೆ ಅಡ್ಡಕಂಬಿಯ ಗಾರ್ಡು ಹಾಕುವುದರ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆಯಿತು: ಅದು ಪಾದಚಾರಿಗಳಿಗೂ ಅಪಾಯ, ಡಿಕ್ಕಿಯ ಹೊಡೆತವನ್ನು ನೇರ ಚೌಕಟ್ಟಿಗೆ ದಾಟಿಸಿ ಒಳಗಿರುವವರಿಗೂ ಅಪಾಯ. ಬಿಚ್ಚಿ ತೆಗೆಯಬಹುದಾದ ಪೆಟ್ಟಿಗೆ, ಹಲಗೆ, ಹಗ್ಗ, ಕಂಪ್ರೆಸರ್‌ಗಳ ಸಜ್ಜಿಗೆ ಈ ತಕರಾರಿಲ್ಲ. ಸಣ್ಣ ಗಾಡಿಗೆ ತೂಕದ ದೃಷ್ಟಿಯಿಂದ ಒಪ್ಪುವ ವಸ್ತುಗಳೂ ಹೆಚ್ಚುಕಡಿಮೆ ಇವೇ.

ಗಾಡಿ ಹೋಗಬಲ್ಲ ಕಡೆಯೆಲ್ಲ ಹೋಗಲು ಅನುಮತಿ ಇರುವುದಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಮೀಸಲು ಅರಣ್ಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ತಡೆಯುತ್ತವೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ದೂರದ ಪ್ರಯಾಣದ ವೇಳಾಪಟ್ಟಿ ಹಾಕುವವರು ಇದನ್ನು ಮರೆಯುವಂತಿಲ್ಲ. ಕೊಡಚಾದ್ರಿಗೂ ಕೊಡಗಿನ ಮಾಂದಲಪಟ್ಟಿಗೂ ಸ್ಥಳೀಯ ಜೀಪುಗಳದೇ ಓಡಾಟ. ಅದು ಅಲ್ಲಿನವರ ಅನ್ನದ ದಾರಿ. ಸ್ವಂತ ಜಿಮ್ನಿ ಇದ್ದವರೂ ಒಮ್ಮೆ ಆ ಜೀಪುಗಳ ಹಿಂದಿನ ಸೀಟಿನಲ್ಲಿ ಕೂತು, ಚಾಲಕ ಯಾವ ಗೇರಿನಲ್ಲಿ ಯಾವ ಕಲ್ಲಿನ ಮೇಲೆ ಚಕ್ರ ಇಡುತ್ತಾನೆ ಎಂದು ನೋಡಿದರೆ ಬಹಳಷ್ಟು ಸಜ್ಜಿನ ಖರ್ಚು ಉಳಿಯುತ್ತದೆ.

ಮರಳಿ ಬಂದ ಮೇಲೆ

ಚೌಕಟ್ಟಿನ ಒಳಗೆ ನಿಂತ ಕೆಸರನ್ನು ನೀರು ಹೊಡೆದು ಪೂರ್ತಿ ಹೊರಡಿಸಬೇಕು. ಕರಾವಳಿಯ ಮರಳಿನಲ್ಲಿ ಓಡಿಸಿದ್ದರೆ ಅದೇ ದಿನ ಸಿಹಿನೀರಿನಲ್ಲಿ ತೊಳೆಯದಿದ್ದರೆ ತುಕ್ಕು ಶುರು. ಜಿಪ್ಸಿಯ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಿಗೆ ಗ್ರೀಸು ಬೇಕು. ಜಿಮ್ನಿಯಲ್ಲಿ ಮುಂದಿನ ಹಬ್ಬುಗಳು ನಿರ್ವಾತದ ಸೆಳೆತದಿಂದ ಕೂಡಿಕೊಳ್ಳುವುದರಿಂದ ಆ ರಬ್ಬರ್ ನಳಿಕೆಗಳಲ್ಲಿ ಬಿರುಕಿದೆಯೇ ನೋಡಬೇಕು. ಬಿರುಕಿದ್ದರೆ ಲಿವರ್ ಎಳೆದರೂ ಮುಂದಿನ ಚಕ್ರಕ್ಕೆ ಬಲ ಬರುವುದಿಲ್ಲ. ಆಳದ ನೀರು ದಾಟಿದ್ದರೆ ಎರಡೂ ಆಕ್ಸಲ್‌ಗಳ ಎಣ್ಣೆಯ ತಿರುಪು ಬಿಚ್ಚಿ ನೋಡಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಮುಂದಿನ ಸರ್ವಿಸಿಗೆ ಕಾಯದೆ ಬದಲಾಯಿಸಬೇಕು.